ಮೂರು ನಿಮಿಷದ ಸ್ಕ್ರೀನ್‌ಶಾಟ್

ಪ್ರೀತಿಯ ಸಫೂರಾ,

ನೀನು ಕುವೈತ್ ಬಿಟ್ಟು ಊರಿಗೆ ಹೋಗಿ ನಾಲ್ಕು ವರ್ಷವಾಯಿತು. ನಿನ್ನ ಹೊಸ ನಂಬರು ನನ್ನಲ್ಲಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಫಹಾಹೀಲಿನಲ್ಲಿ ನಾವಿಬ್ಬರೂ ಸೇರಿ ಶುರು ಮಾಡಿದ ಶುಕ್ರವಾರದ ಕನ್ನಡ ತರಗತಿಯಲ್ಲಿ ಇವತ್ತು ನಗುವೋ ನಗು. ಮೊಬೈಲಿಗೆ ಬಂದದ್ದನ್ನೆಲ್ಲ ನಂಬಬಾರದು ಎಂಬುದು ಪಾಠ. ಹನ್ನೆರಡು ವರ್ಷದ ಆಯಿಶತ್ ನಿಶಾ ನನ್ನೆದುರೇ ಕೂತು ಮೂರು ನಿಮಿಷದಲ್ಲಿ ಒಂದು ಸುಳ್ಳು ಚಾಟ್‌ನ ಸ್ಕ್ರೀನ್‌ಶಾಟ್ ತಯಾರಿಸಿದಳು. ಮೇಲೆ ನನ್ನದೇ ಹೆಸರು, ಫೋಟೊ. ಕೆಳಗೆ, "ಧೂಳುಗಾಳಿ ಜೋರಿದೆ, ಮುಂದಿನ ಶುಕ್ರವಾರ ರಜೆ. ಇವತ್ತು ಎಲ್ಲರಿಗೂ ಶರ್ಲಿ ಮಿಸ್‌ನ ಶವರ್ಮಾ!" ಮಕ್ಕಳು ಬೆಂಚು ಬಡಿದು ಕುಣಿದರು. ನಾನೇ ಬರೆದೆನೇನೋ ಎಂದು ನನಗೇ ಅನ್ನಿಸಿತು!

"ಹಾಗಾದ್ರೆ ನಿಜ ಗೊತ್ತಾಗೋದು ಹೇಗೆ?" ಎಂದು ಕೇಳಿದೆ.

"ಸಿಂಪಲ್ ಮಿಸ್, ಸ್ಕ್ರೀನ್‌ಶಾಟ್ ನಂಬ್ಲಿಕ್ಕಿಲ್ಲ. ಅವರ ಹತ್ರ ಹೋಗಿ ಅವರ ಫೋನೇ ನೋಡ್ಬೇಕು," ಎಂದಳು ನಿಶಾ.

ಶವರ್ಮಾ ಮಾತ್ರ ನಿಜ ಮಾಡಿದೆ. ಹದಿನಾಲ್ಕು ತರಿಸಿದೆ.

ನೀನು ನನ್ನನ್ನು ಬೈದು ಬರೆದಿದ್ದೀ ಎಂದು ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಹಿಡಿದು ನಾನು ನಿನ್ನ ಮನೆಗೆ ಬಂದಿದ್ದೆನಲ್ಲ, ಅವತ್ತು ನೀನೂ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದೆ. "ತಗೊ ಮಾರಾಯ್ತಿ, ನನ್ನ ಫೋನು. ನೀನೇ ನೋಡು."

ನಾನು ಆಗಲೇ ಲಿಫ್ಟಿನ ಗುಂಡಿ ಒತ್ತಿಯಾಗಿತ್ತು.

ಶರ್ಲಿ