ಒಂದೇ ಉಸಿರಿನ ಎರಡು ಟ್ರಂಪೆಟ್

ಗುಬ್ಬಿ
12 ನವೆಂಬರ್ 2006, ಭಾನುವಾರ

ನನ್ನ ಮುದ್ದು ಶಾಂತೂ,

ಪಂಚಗಣಿಯಲ್ಲಿ ಚಳಿ ಶುರುವಾಗಿದೆಯಂತೆ, ತುಟಿ ಒಡೆದಿಲ್ಲ ತಾನೇ? ಒಡೆದಿದ್ದರೆ ಅಂಗಡಿಯ ಮುಲಾಮು ಹಚ್ಚಬೇಡ, ಜಾರುತ್ತದೆ, ಮೌತ್‌ಪೀಸ್ ನಿಲ್ಲುವುದಿಲ್ಲ. ಮಲಗುವಾಗ ಒಂದಿಷ್ಟು ಬೆಣ್ಣೆ ಸವರಿಕೊಂಡು ಬೆಳಗ್ಗೆ ಒರೆಸಿಬಿಡು. ಊಟ ಹೊಂದಿಕೆಯಾಯಿತಾ? ಮುದ್ದೆ ಕಾಣದೆ ಎಷ್ಟು ದಿನವಾಯಿತೋ ಪಾಪ. ನಿನ್ನ ಸ್ಕೂಲ್ ಬ್ಯಾಂಡಿನ ಹುಡುಗಿಯರು ಮಾತು ಕೇಳುತ್ತಾರಾ, ಇಲ್ಲ ನೀನು ಚಿಕ್ಕವಳಿದ್ದಾಗ ನನಗೆ ಮಾಡುತ್ತಿದ್ದ ಹಾಗೆ ಕೆನ್ನೆ ಉಬ್ಬಿಸಿಕೊಂಡು ಕೂತುಬಿಡುತ್ತಾರಾ? ನಿಮ್ಮಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದದ್ದೇ, ಆದರೆ ಬಾಯಿಗೆ ಯಾವ ನೋವೂ ಇಲ್ಲ. ಫೋನಿರುವಾಗ ಕಾಗದ ಯಾಕೆ ಅಂತ ಕೇಳಬೇಡ. ನಿನ್ನ ಫೋನ್ ಬಂದರೆ ಅವಳು ರಿಸೀವರ್ ಬಿಡುವುದೇ ಇಲ್ಲ, ನನ್ನ ಕೈಗೆ ಬರುವ ಹೊತ್ತಿಗೆ ಅಲ್ಲಿ ನಿನ್ನ ಕ್ಲಾಸಿನ ಬೆಲ್ ಹೊಡೆದಿರುತ್ತದೆ.

ಹಲ್ಲಿನ ವಿಷಯ ಮೊದಲು ಹೇಳಿ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅದನ್ನೇ ಹುಡುಕುತ್ತಾ ಉಳಿದದ್ದನ್ನು ಓದುವುದಿಲ್ಲ. ತುಮಕೂರಿನ ಹಲ್ಲಿನ ಡಾಕ್ಟರು ಮೇಲಿನ ಎರಡು ಮುಂದಿನ ಹಲ್ಲುಗಳನ್ನು ಅಲುಗಾಡಿಸಿ ನೋಡಿ, ವಸಡು ಪೂರಾ ಹೋಗಿದೆ, ಸಂಕ್ರಾಂತಿಯ ಹೊತ್ತಿಗೆ ತೆಗೆಯೋಣ, ಕಟ್ಟಿಸಿಕೊಂಡರೆ ಕಡಲೆಕಾಯಿ ಬೇಕಾದರೂ ತಿನ್ನಬಹುದು ಎಂದರು. ಕಡಲೆಕಾಯಿ ಯಾರಿಗೆ ಬೇಕು? ಟ್ರಂಪೆಟ್ ಊದಬಹುದಾ ಅಂತ ಕೇಳಿದೆ. ಅವರು ಕೈ ತೊಳೆಯುತ್ತಾ, ಅದನ್ನು ನೋಡೋಣ ಎಂದರು. ಡಾಕ್ಟರು ನೋಡೋಣ ಎಂದರೆ ಏನರ್ಥ ಅಂತ ನನಗೆ ಗೊತ್ತು. ಮೌತ್‌ಪೀಸ್ ಕೂರುವುದು ತುಟಿಯ ಮೇಲಾದರೂ ಭಾರ ಹೊರುವುದು ಹಲ್ಲು, ಇದನ್ನು ನಿನಗೆ ಹೇಳಬೇಕಾಗಿಲ್ಲ. ಅದಕ್ಕೇ ತಾನೇ ನೀನು ಹೋದ ತಿಂಗಳು ಅಷ್ಟು ಉದ್ದ ಬರೆದದ್ದು. ಹಲ್ಲು ಹೋಗುವ ಮುಂಚೆ ಮನೆಯಲ್ಲೇ ರೆಕಾರ್ಡ್ ಮಾಡು, ಊದಿದ್ದನ್ನೇ ತಿರುಗಿ ಹೇಳುವ ಲೂಪ್ ಪೆಟ್ಟಿಗೆ ಅಂತ ಬಂದಿದೆ, ಎರಡೂ ಟ್ರಂಪೆಟ್ ನೀನೇ ಊದಬಹುದು ಅಂತ. ಉಳಿದ ಟ್ಯೂನುಗಳು ಹೋದರೆ ಹೋಗಲಿ ಶಾಂತೂ, ಅವು ಎಲ್ಲಾ ಬ್ಯಾಂಡ್ ಸೆಟ್‌ನವರಿಗೂ ಬರುತ್ತವೆ. ಹೆಣ್ಣು ಒಪ್ಪಿಸುವಾಗ ನಾವಿಬ್ಬರು ಊದುತ್ತಿದ್ದೆವಲ್ಲ, ತಮಟೆ ಡ್ರಮ್ಮು ಎಲ್ಲಾ ನಿಲ್ಲಿಸಿ ಬರೀ ಎರಡು ಟ್ರಂಪೆಟ್‌ನಲ್ಲಿ, ಅದು ಮಾತ್ರ ಎಲ್ಲೂ ಬರೆದಿಲ್ಲ. ನನ್ನ ಬಾಯಲ್ಲಿ ಅರ್ಧ, ನಿನ್ನ ಬಾಯಲ್ಲಿ ಅರ್ಧ ಇದೆ. ನನ್ನ ಅರ್ಧ ಸಂಕ್ರಾಂತಿಗೆ ಹೋಗುತ್ತದೆ. ಅದನ್ನು ಉಳಿಸಬೇಕು ಅಂತ ನನಗೂ ಹಟ ಬಂದಿದೆ.

ಹಾಗಾಗಿ ತುಮಕೂರಿನ ಹೊರಪೇಟೆಯ ನಾಗಭೂಷಣ್ ಅಂಗಡಿಗೆ ಹೋದೆ. ಆರ್ಕೆಸ್ಟ್ರಾಗಳಿಗೆ ಸೌಂಡ್ ಸಿಸ್ಟಂ ಕೊಡುತ್ತಾನಲ್ಲ, ಅವನೇ. ಈಗ ದಪ್ಪ ಆಗಿದ್ದಾನೆ, ಕುರ್ಚಿಯಿಂದ ಏಳುವುದಿಲ್ಲ, ಕೂತಲ್ಲಿಂದಲೇ ಎಲ್ಲಾ ಮಾರುತ್ತಾನೆ. ಮೊದಲು ನನ್ನ ತಲೆಗೆ ಕಂಪ್ಯೂಟರ್ ಕಟ್ಟಲು ನೋಡಿದ. 'ಅಣ್ಣ, ಕಂಪ್ಯೂಟ್ರು ತಗೊಂಡ್‌ಬುಡಿ, ಎಷ್ಟು ಟ್ರ್ಯಾಕ್ ಬೇಕಾದ್ರೂ ಹಾಕ್ಬೋದು, ಅಳಿಸ್ಬೋದು, ಅಂಟಿಸ್ಬೋದು' ಎಂದ. ಹಾಕಿ ತೋರಿಸು ಎಂದೆ. ಅದರ ಫ್ಯಾನು ಹಿಟ್ಟಿನ ಗಿರಣಿ ಹಾಗೆ ಗುಂಯ್‌ಗುಡುತ್ತಿತ್ತು, ಮೈಕು ನನ್ನನ್ನು ಬಿಟ್ಟು ಅದನ್ನೇ ಕೇಳಿಸಿಕೊಂಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ಊದಿದ್ದೆಲ್ಲಾ ಹೋಯಿತು. ತುಮಕೂರಿನಲ್ಲೇ ಹೀಗಾದರೆ ನಮ್ಮ ಗುಬ್ಬಿಯಲ್ಲಿ ಕೇಳಬೇಕಾ? ಇದು ಬೇಡಪ್ಪ, ಕರೆಂಟ್ ಹೋದರೂ ಮರೆಯದೇ ಇರುವಂಥದ್ದು ಕೊಡು, ನನ್ನ ಕೈಗೆ ಎಟುಕುವಂಥದ್ದು ಕೊಡು ಎಂದೆ. ಅವನು ನಕ್ಕು, ಕುಣಿಗಲ್‌ನಲ್ಲಿ ಕೀಬೋರ್ಡ್ ಬಾರಿಸುವ ಗಂಗಣ್ಣನ ಹತ್ತಿರ ನಾಲ್ಕು ಟ್ರ್ಯಾಕಿನ ಹಳೆಯ ಕ್ಯಾಸೆಟ್ ಮಿಷನ್ ಇದೆ, ನೋಡಿ ಬನ್ನಿ ಎಂದು ಕಳಿಸಿದ.

ಕುಣಿಗಲ್‌ಗೆ ಹೋದೆ. ಗಂಗಣ್ಣ ಆ ಮಿಷನ್ನಿಗೆ ಬಟ್ಟೆ ಹೊದಿಸಿ ದೇವರ ಪಕ್ಕದಲ್ಲೇ ಇಟ್ಟುಕೊಂಡಿದ್ದಾನೆ. ಒಂದು ಟ್ರ್ಯಾಕಿನಲ್ಲಿ ಮೊದಲನೆಯದು ಊದು, ಸುತ್ತಿಸಿ ಮತ್ತೆ ಹಾಕಿ ಇನ್ನೊಂದು ಟ್ರ್ಯಾಕಿನಲ್ಲಿ ಎರಡನೆಯದು ಊದು, ಅಷ್ಟೇ ಎಂದ. ನನಗೆ ಹಿಡಿಸಿಬಿಟ್ಟಿತು, ಏಕೆಂದರೆ ಕ್ಯಾಸೆಟ್ ಅಂದರೆ ನನಗೆ ಅರ್ಥವಾಗುತ್ತದೆ. ಊದಿದೆ. ಹಿಂದಕ್ಕೆ ಸುತ್ತಿಸಿ ಹಾಕಿದರೆ ಒಳಗಿನ ಬೆಲ್ಟ್ ಸಡಿಲವಾಗಿದೆ, ಶ್ರುತಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ನಾನು ಹಟ್ಟಿಯಲ್ಲಿ ಕಟ್ಟಿದ ಎಮ್ಮೆ ಹಾಗೆ ಕೂಗುತ್ತಿದ್ದೇನೆ. ಬೆಲ್ಟ್ ಹಾಕಿಸಬಹುದಲ್ಲ ಎಂದರೆ, ಆ ಅಳತೆಯ ಬೆಲ್ಟ್ ಈಗ ಎಲ್ಲೂ ಸಿಗುವುದಿಲ್ಲವಂತೆ. 'ಸಿಕ್ಕಿದ್ರೆ ನಾನ್ಯಾಕ್ ಕೊಡ್ತಿದ್ದೆ ಅಂಜಿನಪ್ಪ' ಎಂದು ಅವನೇ ಒಪ್ಪಿಕೊಂಡ. ಒಳ್ಳೆಯ ಮನುಷ್ಯ. ಊಟ ಮಾಡಿಸಿ ಕಳಿಸಿದ. ನಿನ್ನನ್ನು ಕೇಳಿದ. ಊರ್ಡಿಗೆರೆ ಮದುವೆಯಲ್ಲಿ ಚೂಡಿದಾರದ ಮೇಲೆ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ನೀನು ಊದಿದ್ದನ್ನು ಇನ್ನೂ ಹೇಳುತ್ತಾನೆ.

ಕೊನೆಗೆ ನಾಗಭೂಷಣ್ ಬೆಂಗಳೂರಿನ ಯಾರೋ ಗಿಟಾರಿನವನಿಂದ ನೀನು ಬರೆದ ಪೆಟ್ಟಿಗೆಯನ್ನೇ ಸೆಕೆಂಡ್ ಹ್ಯಾಂಡ್ ತರಿಸಿದ. ಇಟ್ಟಿಗೆಯ ಅರ್ಧದಷ್ಟಿದೆ. ಕಾಲಲ್ಲಿ ಒತ್ತಿ ಊದಿದರೆ ಹಿಡಿದಿಟ್ಟುಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ಅದನ್ನೇ ತಿರುಗಿ ತಿರುಗಿ ಹೇಳುತ್ತದೆ, ಅದರ ಮೇಲೆ ನಾವು ಬೇರೆಯದನ್ನು ಊದಬಹುದು. ಬ್ಯಾಟರಿಯಲ್ಲೂ ನಡೆಯುತ್ತದೆ. ಆದರೆ ಅದು ಗಿಟಾರಿಗೆ ಮಾಡಿದ್ದು, ಮೈಕಿನ ವೈರು ನೇರ ಸಿಕ್ಕಿಸಿದರೆ ಸೊಳ್ಳೆಯಷ್ಟು ಸದ್ದು ಬರುತ್ತದೆ, ಹಾಗಾಗಿ ಮಧ್ಯಕ್ಕೆ ಒಂದು ಚಿಕ್ಕ ಮಿಕ್ಸರ್ ಬೇಕಾಯಿತು. ಮೈಕಿಗೆ ಮಾತ್ರ ನಾನೂ ಅವನೂ ಜಗಳವಾಡಿದೆವು. ಸ್ಟುಡಿಯೋದವರು ಇಡುವ ದುಬಾರಿ ಮೈಕು ತೋರಿಸಿದ. ಅದು ಎದುರು ಮನೆಯ ಕುಕ್ಕರಿನ ಸೀಟಿಯನ್ನೂ ಬಿಡುವುದಿಲ್ಲ. ಟ್ರಂಪೆಟ್‌ಗೆ ಯಾವ ಸೂಕ್ಷ್ಮ ಕಿವಿ ಬೇಕು? ಸ್ಟೇಜಿನಲ್ಲಿ ಹಾಡುವವರು ಹಿಡಿಯುವ ಸಾದಾ ಮೈಕು ಸಾಕು, ಒಂದು ಮೊಳ ದೂರದಲ್ಲಿ ಸ್ವಲ್ಪ ವಾರೆಯಾಗಿ ಇಟ್ಟರೆ ಸದ್ದು ಒಡೆಯುವುದಿಲ್ಲ ಎಂದೆ, ಅದೇ ನಿಜವಾಯಿತು. ಮಿಕ್ಸರ್ರು, ಮೈಕು ನನ್ನವಾದವು. ಪೆಟ್ಟಿಗೆ ಮಾತ್ರ, 'ನೋಡಿ ಅಣ್ಣ, ಒಪ್ಪಿಗೆ ಆದ್ರೆ ಇಟ್ಕೊಳಿ, ಇಲ್ದಿದ್ರೆ ತಂದ್ಕೊಡಿ' ಎಂದು ಕೊಟ್ಟಿದ್ದಾನೆ. ಇವೆಲ್ಲದರ ಬಾಲಕ್ಕೆ, ಊದಿದ್ದನ್ನು ಕ್ಯಾಸೆಟ್ಟಿಗೆ ಇಳಿಸಲು, ನಮ್ಮ ಹಳೆಯ ಟೇಪ್ ರೆಕಾರ್ಡರ್. ಬೆಲೆಯನ್ನು ನಿಮ್ಮಮ್ಮ ಫೋನಿನಲ್ಲಿ ಕೇಳಿದರೆ ನಿನಗೂ ಗೊತ್ತಿಲ್ಲ ಅನ್ನು.

ಎಲ್ಲಿ ಊದುವುದು ಅಂತ ಯೋಚನೆಯಾಯಿತು. ನಡುಮನೆಯಲ್ಲಿ ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ. ಕಡಬದ ತೋಟದಿಂದ ತಂದ ತೆಂಗಿನಕಾಯಿ ತುಂಬಿಸಿಟ್ಟ ನಮ್ಮ ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿ ನೋಡಿದೆ, ಸಿಪ್ಪೆಯ ಕಾಯಿರಾಶಿ ಸದ್ದನ್ನೆಲ್ಲಾ ನುಂಗಿಬಿಡುತ್ತದೆ, ಇದಕ್ಕಿಂತ ಸ್ಟುಡಿಯೋ ಬೇಕಾ! ನಿಮ್ಮಮ್ಮ ಬಾಗಿಲಲ್ಲಿ ನಿಂತು, 'ಅಲ್ಲಾ ಕಣ್ರೀ, ಕೊಬ್ರಿ ಆಗೋ ಕಾಯಿ ಮುಂದೆ ಕೂತ್ಕೊಂಡು ಯಾರಿಗ್ ಊದ್ತೀರಾ, ಕಾಯಿ ಕೇಳ್ತವಾ?' ಎಂದಳು. ಕೇಳಲಿ ಬಿಡೇ, ಎದ್ದು ಹೋಗುವುದಿಲ್ಲವಲ್ಲ ಎಂದೆ. ಅವಳು ನಗುತ್ತಾ ಒಳಗೆ ಹೋದಳು. ಮೊದಲನೆಯದನ್ನು ಊದಿದೆ. ಹಲ್ಲು ನೋಯುತ್ತಿತ್ತು, ಆದರೂ ಚೆನ್ನಾಗಿ ಬಂತು. ಎರಡನೆಯದು ನನಗೆ ಬರುವುದಿಲ್ಲ, ಅದು ನೀನೇ ಕಟ್ಟಿದ್ದು. ಹಾಗಾಗಿ ಸದ್ಯಕ್ಕೆ ಅದೇ ಟ್ಯೂನನ್ನು ಕೆಳಗಿನ ಸ್ಥಾಯಿಯಲ್ಲಿ ಊದೋಣ ಅಂತ ಕಾಲಲ್ಲಿ ಒತ್ತಿದೆ. ಪೆಟ್ಟಿಗೆಯೊಳಗಿನ ಅಂಜಿನಪ್ಪ ಊದುತ್ತಿದ್ದಾನೆ, ಹೊರಗಿನ ಅಂಜಿನಪ್ಪನೂ ಊದುತ್ತಿದ್ದಾನೆ. ಮೂರನೇ ಸಾಲಿನ ಕೊನೆಗೆ ಬಂದಾಗ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡರು. ಕೋಣೆಯಲ್ಲಿ ಒಂದು ಸ್ವರವೂ ಇಲ್ಲ. ಟ್ಯೂನಿನ ನಡುವೆ ಗುಂಡಿ ಬಿದ್ದ ಹಾಗೆ ಆಯಿತು.

ನಿನಗೆ ನೆನಪಿದೆಯಲ್ಲ, ಜೋಡಿ ಟ್ರಂಪೆಟ್‌ನವರು ಯಾವತ್ತೂ ಒಟ್ಟಿಗೆ ಉಸಿರೆಳೆದುಕೊಳ್ಳಬಾರದು ಅಂತ ನಾನು ನಿನ್ನ ಬೆನ್ನ ಮೇಲೆ ಕೈಯಿಟ್ಟು ಕಲಿಸಿದ್ದು. ನಾನು ಎಳೆದುಕೊಳ್ಳುವಾಗ ನೀನು ಸ್ವರ ಹಿಡಿದಿರಬೇಕು, ನೀನು ಎಳೆದುಕೊಳ್ಳುವಾಗ ನಾನು. ಆಗ ಮೆರವಣಿಗೆಯಲ್ಲಿ ನಡೆಯುವವರಿಗೆ ಟ್ಯೂನು ಕಡಿದದ್ದೇ ತಿಳಿಯುವುದಿಲ್ಲ. ಅದನ್ನು ಅಷ್ಟು ಕಲಿಸಿದವನಿಗೆ ಈ ಒಂದು ವಿಷಯ ಹೊಳೆಯಲಿಲ್ಲ ನೋಡು, ಒಬ್ಬನೇ ಎರಡು ಸಲ ಊದಿದರೆ ಉಸಿರೂ ಅದೇ ಜಾಗದಲ್ಲಿ ಬೀಳುತ್ತದೆ. ಬೇಕಂತಲೇ ಬೇರೆ ಕಡೆ ತೆಗೆದುಕೊಳ್ಳೋಣ ಅಂತ ಹೊರಟೆ. ದೇಹ ಒಪ್ಪಲಿಲ್ಲ. ನೀನು ಹಿಡಿದಿರುತ್ತೀ ಅಂತ ನಂಬಿಕೊಂಡು ನಾನು ಆ ಜಾಗದಲ್ಲಿ ಸ್ವರ ಬಿಡುವುದು ರೂಢಿಯಾಗಿಹೋಗಿದೆ. ಮತ್ತೆ ಮತ್ತೆ ಹಾಕಿ ಕೇಳಿದೆ. ಎಲ್ಲಾ ಸಲವೂ ಅಲ್ಲೇ ಗುಂಡಿ. ಕೊನೆಗೆ ಊದುವುದು ಬಿಟ್ಟು, ಪೆಟ್ಟಿಗೆ ತನ್ನ ಪಾಡಿಗೆ ತಿರುಗುತ್ತಿದ್ದಾಗ ಆ ಜಾಗ ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಾ ಕೂತಿದ್ದೆ. ನೀನು ಇನ್ನೇನು ಅಲ್ಲಿಂದ ಊದಿಕೊಂಡು ಬರುತ್ತೀಯ ಅನ್ನುವ ಹಾಗೆ. ನಿನ್ನ ನೆನಪು ಅಷ್ಟು ಜೋರಾಗಿ ಯಾವತ್ತೂ ಬಂದಿರಲಿಲ್ಲ. ಅಳು ಬಂತು ಮಗಳೇ, ಸುಮ್ಮನೆ ಯಾಕೆ ಮುಚ್ಚಿಡಲಿ.

ಎಷ್ಟು ಮನೆಯ ಹೆಣ್ಣುಮಕ್ಕಳನ್ನು ಆ ಟ್ಯೂನು ಊದಿ ಕಳಿಸಿದ್ದೇವೆ ನಾವಿಬ್ಬರೂ. ಅವರ ಅಪ್ಪಂದಿರು ಟವೆಲ್ ಮುಖಕ್ಕೆ ಒತ್ತಿಕೊಂಡಾಗ ನಾನು ನಿನಗೆ ಕಣ್ಣು ಹೊಡೆಯುತ್ತಿದ್ದೆ, ಚೆನ್ನಾಗಿ ಬಂತು ಅಂತ. ನಿನ್ನನ್ನು ಬಸ್ಸು ಹತ್ತಿಸಿದ ದಿನ ಮದುವೆಯೂ ಇಲ್ಲ, ದಿಬ್ಬಣವೂ ಇಲ್ಲ. ಕೆಲಸಕ್ಕೆ ಹೋಗುತ್ತಿದ್ದೀಯ, ಹೆಣ್ಣುಮಕ್ಕಳ ಬೋರ್ಡಿಂಗ್ ಸ್ಕೂಲಿಗೆ ಬ್ಯಾಂಡ್ ಟೀಚರ್ರು, ಖುಷಿಪಡಬೇಕಾದ ವಿಷಯ. ಖುಷಿಯೇ ಪಟ್ಟೆ. ಕಿಟಕಿಯಿಂದ ನೀನು ಟ್ರಂಪೆಟ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, 'ಅಪ್ಪಾ, ಬಿಸಿಲಲ್ಲಿ ನಿಂತ್ಕೋಬೇಡ, ಮನೆಗೆ ಹೋಗು' ಎಂದೆ. ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ. ಈಗ ಮದುವೆಮನೆಯವರು ಕರೆಯುವುದೂ ಕಡಿಮೆ. ಹೋದಾಗಲೂ ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ, ಚೆನ್ನಾಗಿಯೇ ಊದುತ್ತಾರೆ, ಆದರೆ ನಾನು ಉಸಿರೆಳೆದುಕೊಂಡಾಗ ಅವರೂ ಎಳೆದುಕೊಂಡಿರುತ್ತಾರೆ. ಕ್ರಿಸ್‌ಮಸ್ ರಜಕ್ಕೆ ಬರಲಾಗುವುದಿಲ್ಲ, ಹೊಸ ವರ್ಷಕ್ಕೆ ಸ್ಕೂಲಿನ ಕಾರ್ಯಕ್ರಮದ ಪ್ರಾಕ್ಟೀಸ್ ಇದೆ ಎಂದು ಬರೆದಿದ್ದೀಯ. ಕೆಲಸ ಮುಖ್ಯ, ನಾನು ಒತ್ತಾಯ ಮಾಡುವವನಲ್ಲ. ಆದರೆ ನಾಗಭೂಷಣ್‌ಗೆ ಪೆಟ್ಟಿಗೆ ವಿಷಯ ಏನು ಹೇಳಲಿ ಅಂತ ಮಾತ್ರ ತಿಳಿಸು. ಇನ್ನೂ ಯಾವುದಾದರೂ ಒಳ್ಳೆಯ ಮಾಡೆಲ್ ಇದೆಯಾ, ಉಸಿರಿನ ಗುಂಡಿ ಮುಚ್ಚುವಂಥದ್ದು?

ಹುಷಾರಾಗಿರು. ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ, ತಣ್ಣಗಿರುವ ಹಿತ್ತಾಳೆಗೆ ಒಮ್ಮೆಲೇ ಬಾಯಿಡಬೇಡ, ಮೊದಲು ಅಂಗೈಯಲ್ಲಿ ಬಿಸಿ ಮಾಡಿಕೋ. ನಿಮ್ಮಮ್ಮ ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಟ್ಟು ಯಾರಾದರೂ ಆ ಕಡೆ ಹೋಗುವವರು ಸಿಗುತ್ತಾರಾ ಅಂತ ದಾರಿ ಕಾಯುತ್ತಿದ್ದಾಳೆ. ನಿನ್ನ ಕೈಕೆಳಗಿನ ಹುಡುಗಿಯರಿಗೆಲ್ಲಾ ಈ ಮುದುಕನ ಹಾರೈಕೆ ಹೇಳು. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ ಅಂದುಕೋ.

ಇತಿ ನಿನ್ನ ಅಪ್ಪ,
ಅಂಜಿನಪ್ಪ

ತಾ.ಕ.: ಸೋಮವಾರ ಬೆಳಗ್ಗೆ. ಕವರ್ ಅಂಟಿಸುವವನಿದ್ದೆ, ಬಾಯಿ ಮುಕ್ಕಳಿಸುವಾಗ ಒಂದು ಹಲ್ಲು ತಾನಾಗಿಯೇ ಕೈಗೆ ಬಂತು. ಗಾಬರಿಯಾಗಬೇಡ, ನೋವಿಲ್ಲ. ತಕ್ಷಣ ಕಾಯಿ ಕೋಣೆಗೆ ಹೋಗಿ ಊದಿ ನೋಡಿದೆ. ಮೇಲಿನ ಸ್ವರಗಳು ಬರೀ ಗಾಳಿ. ಕೆಳಗಿನವು ಇನ್ನೂ ಬರುತ್ತಿವೆ, ಆ ಇನ್ನೊಂದು ಹಲ್ಲಿರುವ ತನಕ. ಪೆಟ್ಟಿಗೆ ಬೇಡ, ಅದರ ಬದಲು ಇನ್ನೊಂದು ಮೈಕು ಕೊಡಪ್ಪ ಅಂತ ನಾಗಭೂಷಣ್‌ಗೆ ಈಗಷ್ಟೇ ಫೋನ್ ಮಾಡಿ ಹೇಳಿದೆ. ಒತ್ತಾಯ ಮಾಡುವವನಲ್ಲ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕು. ರಜಕ್ಕೆ ಬಾ ಶಾಂತೂ. ಇನ್ನು ಮೇಲೆ ಮೊದಲನೆಯದು ನಿನ್ನದು, ಎರಡನೆಯದಕ್ಕೆ ಕೆಳಗಿನ ಸ್ವರ ಸಾಕು, ಅದನ್ನು ನಾನು ಊದುತ್ತೇನೆ. ನನಗೆ ಬರುವುದಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು ನೀನೇ ಕಲಿಸಬೇಕು.