ಅಮಾವಾಸ್ಯೆಯ ಎಣಿಕೆ

ಜನವರಿ 21, ಬೆಳಿಗ್ಗೆ

ಕಡಲೆಹಿಟ್ಟು ಕಲಸಿದ್ದಷ್ಟೇ. ಎಣ್ಣೆ ಇನ್ನೂ ಕಾದಿಲ್ಲ. ಪಕ್ಕದ ಗದ್ದೆಯ ಮೈಲಾರಲಿಂಗಪ್ಪ ಓಡಿ ಬಂದ.

"ನಾಗಕ್ಕ, ನಿನ್ನ ಗದ್ದ್ಯಾಗ ಕೆಂಪು ಬಣ್ಣದ ಕಲ್ಲು ನೆಟ್ಟಾರ!"

ಹೋಗಿ ನೋಡಿದೆ. ನಿನ್ನೆ ನಾಟಿ ಮಾಡಿದ ಸಸಿ ತುಳಿದು, ನಟ್ಟನಡುವೆ. ಊರು ಸುತ್ತಿಕೊಂಡು ಬೈಪಾಸ್ ಅಂತೆ. ಇಪ್ಪತ್ತೆರಡು ವರ್ಷ ಮಿರ್ಚಿ ಕರಿದು ಕೊಂಡ ಎರಡೆಕರೆ. ಬಿಡುವುದಿಲ್ಲ.

ಜನವರಿ 23

ಹರಿಹರಕ್ಕೆ ಹೋಗಿ ಬೈಪಾಸ್ ರಿಪೋರ್ಟಿನ ಜೆರಾಕ್ಸ್ ತಂದೆ. ನಮ್ಮೂರ ರಸ್ತೆಯಲ್ಲಿ ದಿನಕ್ಕೆ ಒಂಬತ್ತು ಸಾವಿರ ವಾಹನವಂತೆ, ಅದಕ್ಕೇ ಬೈಪಾಸ್ ಬೇಕಂತೆ! ಎಣಿಸಿದ್ದು ಡಿಸೆಂಬರ್ 19. ಹಳೇ ಕ್ಯಾಲೆಂಡರ್ ತೆಗೆದು ನೋಡಿದೆ — ಅಮಾವಾಸ್ಯೆ. ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಅರ್ಧ ಜಿಲ್ಲೆಯೇ ನಮ್ಮ ಅಂಗಡಿ ಮುಂದೆ ಹಾಯುವ ದಿನ. ಸಿಕ್ಕಿಬಿದ್ದರು ಎಂದು ನಕ್ಕೆ.

ಕೆಳಗೆ ಇನ್ನೊಂದು ಸಾಲು: 'ದಿನವೂ ಇದೇ ದಟ್ಟಣೆ ಎಂದು ಸ್ಥಳೀಯ ವ್ಯಾಪಾರಿಯೊಬ್ಬರು ತಿಳಿಸಿದ್ದಾರೆ.'

ನಗು ನಿಂತಿತು. ಆ ವ್ಯಾಪಾರಿ ನಾನೇ. ಅವತ್ತು ಕನ್ನಡಕದ ಎಂಜಿನಿಯರ್ ಮಿರ್ಚಿ ತಿನ್ನುತ್ತ "ದಿನಾ ಇಷ್ಟು ರಶ್ಶಾ?" ಎಂದಿದ್ದ. "ಇದೇನ್ ರಶ್ಶು ಸಾರ್, ಇವತ್ತೇ ಕಮ್ಮಿ" ಎಂದಿದ್ದೆ. ಅಂಗಡಿ ಇಟ್ಟವಳು ಗಿರಾಕಿ ಇಲ್ಲ ಎಂದು ಯಾರಿಗಾದರೂ ಹೇಳುತ್ತಾಳೆಯೇ?

ಜನವರಿ 24

ಯಾರಿಗೂ ಹೇಳಿಲ್ಲ.

ಜನವರಿ 31, ಸಂಜೆ

ಏಳು ದಿನ ಅಂಗಡಿಯಲ್ಲಿ ಕೂತು ನಾನೇ ಎಣಿಸಿದೆ. ಒಂದು ದಿನವೂ ಎರಡು ಸಾವಿರ ದಾಟಿಲ್ಲ.

ಇವತ್ತು ಪಂಚಾಯ್ತಿ ಮುಂದೆ ಸಭೆ. ನನ್ನ ಎಣಿಕೆ ಕೊಟ್ಟರೆ ಆ ಕನ್ನಡಕದ ಎಂಜಿನಿಯರ್ ರಿಪೋರ್ಟಿನ ಅದೇ ಸಾಲು ಓದಿದ. "ನಿಮ್ಮೂರವರೇ ಹೇಳಿದ್ದು." ಯಾವನವನು ಎಂದು ಊರೇ ಎದ್ದಿತು. ನಾನೂ ಎದ್ದೆ.

"ನಾನ್ರಿ. ಸುಳ್ಳು ಹೇಳಿದ್ದೆ."

ಮುದುಕಿ ಕೆಂಚವ್ವ ಕೈ ಮುಗಿದಳು. "ಅಂತೂ ಸಾಯೋದ್ರೊಳಗ ಒಂದು ನಿಜ ಹೇಳಿದೆಲ್ಲೇ ನಾಗಿ!"

ಎಂಜಿನಿಯರ್ ನಗಲಿಲ್ಲ. "ಆಗ ಸುಳ್ಳು ಹೇಳಿದವರನ್ನ ಈಗ ಹೆಂಗಮ್ಮಾ ನಂಬೋದು?"

"ನಂಬಬ್ಯಾಡ್ರಿ. ಬಂದು ಎಣಸ್ರಿ. ಅಮಾಸಿ ಒಂದು ಬಿಟ್ಟು ಯಾವತ್ತಾದ್ರೂ ಬರ್ರಿ. ನಿಮ್ಮ ಕಲ್ಲು ಕಿತ್ತು ಅಂಗಡಿ ಮುಂದ ಇಟ್ಟೀನಿ. ಕುಂತು ಎಣಸಾಕ ಬೇಕಾಗತೈತಿ."

ಫೆಬ್ರವರಿ 5, ಬೆಳಿಗ್ಗೆ 7

ಎಂಜಿನಿಯರ್ ಬಂದಿದ್ದಾನೆ. ಕಲ್ಲಿನ ಮೇಲೆಯೇ ಕೂತಿದ್ದಾನೆ. ಆರರಿಂದ ಏಳು: ನಲವತ್ತೊಂದು. ನನ್ನದೂ ಅಷ್ಟೇ. "ಯಾಕಮ್ಮಾ, ಇವತ್ತು ಡಲ್ಲು?" ಎಂದ. ನಾಲಿಗೆ ತುರಿಸಿತು. ಬಾಯಿತುಂಬ ಮಂಡಕ್ಕಿ ತುಂಬಿಕೊಂಡೆ.

7.40

ಅಯ್ಯೋ — ಮೈಲಾರಲಿಂಗಪ್ಪನ ಟ್ರ್ಯಾಕ್ಟರ್! ಎಣಿಕೆ ಎಲ್ಲಿಗೆ ಬಂತೆಂದು ನೋಡಲು ಇದು ನಾಲ್ಕನೇ ಸಲ. ಹಿಂದೆ ಅರ್ಧ ಊರು ಬೈಕ್ ಹತ್ತಿದೆ. ಅದೂ ನೋಡಲಿಕ್ಕೇ. ಒಂದೊಂದಕ್ಕೂ ಎಂಜಿನಿಯರ್ ಗೆರೆ ಹಾಕುತ್ತಿದ್ದಾನೆ. ಜಾಲರಿ ಸೌಟು ಹಿಡಿದು ರಸ್ತೆಗೆ ಅಡ್ಡ ನಿಂತಾದರೂ ಇವರನ್ನ...