ಡಿಪೋ ಹಿಂದಿನ ಬೀದಿಯ ವಯಸ್ಸುಗಳು

ಸೋಮವಾರ, ಮಧ್ಯಾಹ್ನ
ಲೈಬ್ರರಿ ಮಹಡಿಯ ಕಂಪ್ಯೂಟರ್ ಕೋಣೆ

ಗಿಣಿಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಕೇಳದೆಯೇ ಗೊತ್ತು; ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಾಲ್ಕು ಜನರನ್ನು ಸುತ್ತ ಕೂರಿಸಿಕೊಂಡು ನಗುತ್ತಿದ್ದೆ. ಒಂದೇ ಹಾಸ್ಟೆಲ್ ಕೋಣೆಯಲ್ಲಿ ಎರಡು ವರ್ಷ ಜೊತೆಗಿದ್ದವಳಿಗೆ ಪತ್ರ ಬರೆಯುವುದೇನು ಎಂದು ಮೂಗು ಮುರಿಯಬೇಡ. ಎದುರಿಗೆ ಕೂತರೆ ನಿನ್ನ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯುತ್ತದೆ, ಉಳಿದರ್ಧಕ್ಕೆ ನಾನೇ ಕ್ಷಮೆ ಕೇಳಿಬಿಡುತ್ತೇನೆ. ಈ ಸಲ ಹಾಗಾಗಲು ಬಿಡುವುದಿಲ್ಲ.

ನಮ್ಮ ಸಮೀಕ್ಷೆಯ ನಿನ್ನ ನೂರು ಫಾರ್ಮುಗಳೂ ಸುಳ್ಳು. ಅವನ್ನು ನೀನು ಎಲ್ಲೋ ನೆರಳಲ್ಲಿ ಕೂತು ತುಂಬಿದ್ದೀಯ.

ನಾವು ಕೇಳಲು ಹೊರಟಿದ್ದು ಒಂದೇ ವಿಷಯ: ಒಂದೇ ಬೀದಿಯಲ್ಲಿ ಹೆಚ್ಚು ವರ್ಷ ಇದ್ದವರಿಗೆ ಕಾಯಿಲೆ ಬಿದ್ದಾಗ ನೆರೆಮನೆಯವರು ಹೆಚ್ಚು ನೆರವಾಗುತ್ತಾರೆಯೇ ಎಂದು. ನೀರಿನ ಟ್ಯಾಂಕಿನ ಬೀದಿಯ ನೂರು ಮನೆ ನನಗೆ, ಬಸ್ ಡಿಪೋ ಹಿಂದಿನ ಬೀದಿಯ ನೂರು ನಿನಗೆ. ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕತ್ತೆ ಚಾಕರಿ ಎಂದಿನಂತೆ ನನ್ನ ತಲೆಗೆ. ಪರೀಕ್ಷೆಯಲ್ಲಿ ಸದಾ ನಡುವಿನ ಅಂಕ ತೆಗೆಯುವವಳೆಂದು ನನಗೆ 'ಸರಾಸರಿ' ಎಂದು ಹೆಸರಿಟ್ಟವಳು ನೀನು. ಸರಾಸರಿಗೂ ಕಣ್ಣಿರುತ್ತದೆ.

ಹೋದ ಗುರುವಾರ ವಯಸ್ಸುಗಳ ಸ್ತಂಭ ನಕ್ಷೆ ತೆಗೆದೆ. ವಯಸ್ಸು ಕೇಳಿದರೆ ಯಾರೂ ಲೆಕ್ಕ ಹಾಕಿ ಹೇಳುವುದಿಲ್ಲ. ಸೂರು ನೋಡಿ, ಹೆಂಡತಿಯ ಮುಖ ನೋಡಿ, ನಲವತ್ತು ಬರ್ಕೊಳ್ಳಿ ಅನ್ನುತ್ತಾರೆ. ಹಾಗಾಗಿ ನನ್ನ ಬೀದಿಯ ನಕ್ಷೆಯಲ್ಲಿ ಮೂವತ್ತೈದು, ನಲವತ್ತು, ನಲವತ್ತೈದು, ಐವತ್ತರ ಮೇಲೆ ಕಂಬಗಳು ಎದ್ದು ನಿಂತಿವೆ, ನಡುವೆಲ್ಲ ಹಳ್ಳ. ಮೊದಲ ಸೆಮಿಸ್ಟರಿನಲ್ಲೇ ನಮ್ಮ ಗೈಡ್ ಮೇಡಂ ಇದನ್ನು ಹೇಳಿಕೊಟ್ಟಿದ್ದರು. ಆವತ್ತು ನೀನು ಹಿಂದಿನ ಬೆಂಚಿನಲ್ಲಿ ಯಾರದೋ ಕಿವಿ ಕಚ್ಚುತ್ತಿದ್ದೆ. ನಿನ್ನ ಬೀದಿಯಲ್ಲಿ ಮೂವತ್ತೇಳು, ನಲವತ್ಮೂರು, ಇಪ್ಪತ್ತೊಂಬತ್ತು, ಐವತ್ತೊಂದು. ಯಾವ ವಯಸ್ಸೂ ಮೂರು ಸಲಕ್ಕಿಂತ ಹೆಚ್ಚು ಬಂದಿಲ್ಲ. ಡಿಪೋ ಹಿಂದಿನ ಜನರೆಲ್ಲ ಜನನ ಪತ್ರ ಜೇಬಿನಲ್ಲಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರೇನು? ಅನುಮಾನ ಬರಬಾರದೆಂದು ಎಷ್ಟು ಕಾಳಜಿಯಿಂದ ಚದುರಿಸಿದ್ದೀಯ ನೋಡು.

ಇನ್ನೊಂದು ಇದೆ. ನನ್ನ ಫಾರ್ಮುಗಳಲ್ಲಿ ಹದಿನಾಲ್ಕು ಕಡೆ 'ಗೊತ್ತಿಲ್ಲ', ಒಂಬತ್ತು ಕಡೆ 'ಹೇಳಲು ಇಷ್ಟವಿಲ್ಲ'. ಒಬ್ಬಾಕೆ ನನ್ನನ್ನು ಸೋಪು ಮಾರುವವಳೆಂದುಕೊಂಡು ಅರ್ಧ ಪ್ರಶ್ನೆಗೇ ಬಾಗಿಲು ಹಾಕಿಕೊಂಡಳು. ನಿನ್ನ ನೂರು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲದ ಸಂಗತಿಯಿಲ್ಲ, ಒಬ್ಬರಿಗೂ ಬೇಸರವಿಲ್ಲ.

ಶನಿವಾರ ನಾನೇ ಹೋದೆ. ನಿನ್ನ ಅರವತ್ನಾಲ್ಕನೇ ಫಾರ್ಮಿನಲ್ಲಿ ನಲವತ್ತೇಳು ವರ್ಷದ ದರ್ಜಿ, ಹೆಂಡತಿ, ಹನ್ನೆರಡು ವರ್ಷದ ವಾಸ. ನೆರೆಯವರನ್ನು ತುಂಬಾ ನಂಬುತ್ತಾನಂತೆ. ಅದರಲ್ಲಿ ಬರೆದ ಮನೆ ನಂಬರಿನ ಬಾಗಿಲಿಗೆ ತುಕ್ಕು ಹಿಡಿದ ಚಿಲಕ, ಒಳಗೆ ಸೂರಿನವರೆಗೆ ಹಳೇ ಟೈರು. ಪಕ್ಕದಲ್ಲಿ ಪಂಕ್ಚರ್ ಹಾಕುವ ಹೆಂಗಸು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದಳು. ಫಾರ್ಮು ತುಂಬಿಸಲು ಯಾರಾದರೂ ಬಂದಿದ್ದರೇ ಎಂದು ಕೇಳಿದ್ದಕ್ಕೆ ತಲೆ ಎತ್ತದೆಯೇ ಹೇಳಿದಳು: "ಇಲ್ಲಿ ಯಾರೂ ಬಂದಿಲ್ಲಮ್ಮ. ಬಂದಿದ್ರೆ ನಮ್ಗೂ ಹೇಳೋಕೆ ಇತ್ತು."

ಅವಳ ಮನೆಯ ನಂಬರಿಗೂ ನೀನು ಉತ್ತರ ಬರೆದಿದ್ದೀಯ. ಗಂಡಸು, ಮೂವತ್ತೊಂಬತ್ತು ವರ್ಷ, ಗುಮಾಸ್ತ.

ನಿನ್ನೆ ಸಂಜೆ ನೀನು ಬಟ್ಟೆ ಮಡಿಸುತ್ತಿದ್ದಾಗ, ಡಿಪೋ ಬೀದಿಯ ಜನ ಹೇಗೆ ಎಂದು ಸುಮ್ಮನೆ ಕೇಳಿದೆ. ನಿನಗೊಂದು ದಾರಿ ಬಿಟ್ಟುಕೊಟ್ಟಿದ್ದೆ. ನೀನು ಕೈ ನಿಲ್ಲಿಸಲೂ ಇಲ್ಲ. "ತುಂಬಾ ಒಳ್ಳೆ ಜನ ಕಣೆ. ಎಲ್ರೂ ಕೂರ್ಸಿ ಮಾತಾಡ್ಸಿದ್ರು," ಅಂದೆ. ಸುಳ್ಳು ಹೇಳಿದ್ದಕ್ಕಿಂತ, ಅದನ್ನು ಅಷ್ಟು ಸಲೀಸಾಗಿ ನನಗೇ ಹೇಳಿದ್ದು ಸಹಿಸಲಾಗಲಿಲ್ಲ. ಎರಡು ವರ್ಷ ನನಗೆ ಹೇಳಿದ ಬೇರೆ ಮಾತುಗಳಲ್ಲಿ ಯಾವುದು ಎಂಥದೋ ಎಂದು ಈಗ ಒಂದೊಂದನ್ನೇ ಅನುಮಾನಿಸುತ್ತಿದ್ದೇನೆ. ನಿನ್ನ ಮೇಲೆ ನನಗೆ ದ್ವೇಷ ಹುಟ್ಟಿದೆ, ಮುಚ್ಚುಮರೆ ಬೇಡ.

ಗುರುವಾರ ನಮ್ಮ ಮೌಖಿಕ ಪರೀಕ್ಷೆ. ಬುಧವಾರ ಹನ್ನೆರಡರೊಳಗೆ ನೀನೇ ಮೇಡಂ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಳ್ಳಬೇಕು. ಹೋಗದಿದ್ದರೆ ಎರಡು ನಕ್ಷೆಗಳನ್ನೂ ನಾನೇ ಅವರ ಮೇಜಿನ ಮೇಲಿಡುತ್ತೇನೆ. ನಿನ್ನ ನೂರು ಹೋದರೆ ನನ್ನ ಪ್ರಬಂಧವೂ ನೆಲ ಕಚ್ಚುತ್ತದೆ, ಈ ವರ್ಷದ ಪದವಿಯೂ ಅಷ್ಟೇ. ಬಿಸಿಲಲ್ಲಿ ಅಲೆದು ಬೈಸಿಕೊಂಡು ತಂದ ನೂರು ಮನೆಗಳೂ ನಿನ್ನ ಜೊತೆ ಕಸಕ್ಕೆ ಹೋಗುತ್ತವೆ. ಅಳಬೇಡ, ಬಾಗಿಲ ಬಳಿ ಕಾಯಬೇಡ, ಯಾರ ಕೈಲೂ ಹೇಳಿಕಳಿಸಬೇಡ. ಅಲ್ಲಿಯವರೆಗೆ ನಾನು ಕೆಳಗಿನ ಮಹಡಿಯ ಜೂನಿಯರ್‌ಗಳ ಕೋಣೆಯಲ್ಲಿ ಮಲಗುತ್ತೇನೆ.

ಇನ್ನು ಮುಂದೆ ನಿನ್ನ ಯಾರೂ ಅಲ್ಲದ,
ಸರಾಸರಿ

ತಾ.ಕ.: ಈ ಪತ್ರವನ್ನು ಎರಡು ಸಲ ಮಡಿಸಿ ಮತ್ತೆ ಬಿಚ್ಚಿದೆ. 'ಹೋದ ಗುರುವಾರ' ಎಂದು ಬರೆದದ್ದು ಸುಳ್ಳು. ಆ ನಕ್ಷೆಯನ್ನು ನಾನು ನೋಡಿ ನಾಲ್ಕು ತಿಂಗಳಾಯಿತು; ಅನುಮಾನವೂ ಆವತ್ತೇ ಬಂದಿತ್ತು. ನನ್ನ ನೂರು ಮನೆಗಳಲ್ಲಿ ನಾವು ಹುಡುಕುತ್ತಿದ್ದ ಸಂಬಂಧವೇನೂ ಸಿಗಲಿಲ್ಲ. ನಿನ್ನ ನೂರು ಸೇರಿಸಿದ ಮೇಲೆ ಫಲಿತಾಂಶ ಅಂದವಾಗಿ ಬಂತು. ಮೇಡಂ ಮೊದಲ ಸಲ ನನ್ನ ಬೆನ್ನು ತಟ್ಟಿದರು, ನಾನು ಫೈಲು ಮುಚ್ಚಿದೆ. ಶುಕ್ರವಾರ ಹೊರಗಿನ ಪರೀಕ್ಷಕರಿಂದ ಸೂಚನೆ ಬಂದಿದೆ: ಪರೀಕ್ಷೆಯ ದಿನ ಮೂಲ ಫಾರ್ಮುಗಳನ್ನೆಲ್ಲ ತಂದಿಡಬೇಕಂತೆ. ಅದು ಬರದಿದ್ದರೆ ನಾನು ಆ ಬೀದಿಗೆ ಹೋಗುತ್ತಿರಲಿಲ್ಲ. ಬುಧವಾರ ಇದನ್ನೂ ನೀನೇ ಹೇಳಿಬಿಡು, ನನಗೆ ಬಾಯಿ ಬರುವುದಿಲ್ಲ.